ಕಾಲು ತೋರಿಸಲು ನೇಪಾಳಕ್ಕೆ

ಅರಿಶಿನಕುಂಟೆ

ನಮ್ಮ ಕಡೆಯ ಜನ ನೇಪಾಳಕ್ಕೆ ಹೋದರೆ ಪಶುಪತಿನಾಥನನ್ನು ನೋಡಲು ಹೋಗುತ್ತಾರೆ, ಇಲ್ಲವೇ ಹಿಮದ ಬೆಟ್ಟದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳಲು ಹೋಗುತ್ತಾರೆ. ನಾನು ಹೋದದ್ದು ನಮ್ಮ ಯಜಮಾನರ ಎಡಗಾಲನ್ನು ಒಬ್ಬ ಡಾಕ್ಟರಿಗೆ ತೋರಿಸಲು. ಹೇಳಿದರೆ ಎಲ್ಲರೂ ನಗುತ್ತಾರೆ. ನಗಲಿ. ಅರಿಶಿನಕುಂಟೆಯ ನಮ್ಮ ಮನೆಯಿಂದ ಹೆದ್ದಾರಿ ದಾಟಿದರೆ ಆಟೋ, ಆಟೋ ಹತ್ತಿದರೆ ಆಸ್ಪತ್ರೆ, ಅದು ನನಗೂ ಗೊತ್ತು. ಆದರೆ ನಮ್ಮ ಮನುಷ್ಯ ಆ ಹೆದ್ದಾರಿ ದಾಟಲು ಒಪ್ಪಲಿಲ್ಲ. ಹಾಗಾಗಿ ನಾವು ಆಂಧ್ರದಿಂದ ಹಿಡಿದು ಉತ್ತರ ಪ್ರದೇಶದ ತನಕ ಎಲ್ಲವನ್ನೂ ದಾಟಬೇಕಾಯಿತು.

ನಮ್ಮ ಯಜಮಾನರ ಹೆಸರು ಗಂಗಣ್ಣ. ಹೊಲದ ಬದುವಿನ ಜಗಳದಲ್ಲಿ ಒಂದು ಜೀವ ಹೋಗಿ, ಇವರಿಗೆ ಶಿಕ್ಷೆಯಾಗಿ, ವರ್ಷಗಟ್ಟಲೆ ಜೈಲಿನಲ್ಲಿದ್ದು ಸನ್ನಡತೆಯ ಮೇಲೆ ಬಿಡುಗಡೆಯಾಗಿ ಬಂದರು. ಅದರ ಬಗ್ಗೆ ಹೇಳಬೇಕಾದದ್ದನ್ನು ಕೋರ್ಟು ಹೇಳಿ ಮುಗಿಸಿದೆ, ಉಳಿದದ್ದನ್ನು ನಾನು ಮನೆಯಲ್ಲಿ ಬಾಗಿಲು ಹಾಕಿಕೊಂಡು ಹೇಳಿ ಮುಗಿಸಿದ್ದೇನೆ. ಇಲ್ಲಿ ಬೇಡ.

ಒಳಗಿದ್ದಾಗಲೇ ಅವರಿಗೆ ಸಕ್ಕರೆ ಕಾಯಿಲೆ ಬಂದಿತ್ತು. ಅಲ್ಲಿ ಮಾತ್ರೆಯನ್ನು ಕೈಗೆ ಕೊಟ್ಟು, ಎದುರೇ ನುಂಗಿಸಿ, ಬಾಯಿ ತೆರೆಸಿ ನೋಡಿ ಕಳಿಸುತ್ತಿದ್ದರಂತೆ. ಮನೆಗೆ ಬಂದ ಮೇಲೂ ಮಾತ್ರೆ ನುಂಗಿದ ತಕ್ಷಣ ನನ್ನ ಮುಂದೆ ಬಂದು ಬಾಯಿ ತೆರೆದು ನಾಲಿಗೆ ಎತ್ತಿ ತೋರಿಸುತ್ತಿದ್ದರು. "ರೀ, ನಾನು ಬ್ಲೌಸ್ ಹೊಲಿಯೋಳು, ಹಲ್ಲಿನ ಡಾಕ್ಟರಲ್ಲ, ಮುಚ್ಚಿ" ಎಂದು ಎಷ್ಟು ಸಲ ಹೇಳಿದರೂ ಆ ಅಭ್ಯಾಸ ಬಿಡಲಿಲ್ಲ. ಜೈಲಿನಿಂದ ಕೊಟ್ಟು ಕಳಿಸಿದ್ದ ಮಾತ್ರೆ ಮುಗಿದಾಗ ಅಭ್ಯಾಸವೂ ಮುಗಿಯಿತು.

ಮಾತ್ರೆ ಮುಗಿಯಿತಲ್ಲ ಎಂದು ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿನ ಡಾಕ್ಟರು ಬಹಳ ಸಮಾಧಾನದ ಮನುಷ್ಯ. ಎಲ್ಲರನ್ನೂ ಕೇಳುವ ಹಾಗೆ ಇವರನ್ನೂ ಕೇಳಿದರು:

"ಮೊದಲು ಎಲ್ಲಿ ತೋರಿಸ್ತಿದ್ರಿ?"

ನಮ್ಮ ಯಜಮಾನರು ಸಾಹೇಬರು ಕೇಳಿದರೆ ಎದ್ದು ನಿಂತು ಜೋರಾಗಿ ಉತ್ತರ ಕೊಡುವುದನ್ನು ಕಲಿತು ಬಂದವರು. "ಜೈಲಲ್ಲಿ, ಸಾರ್!" ಎಂದರು. ಹೊರಗಿನ ವರಾಂಡಕ್ಕೂ ಕೇಳಿಸಿತು. ಹಿಂದೆ ನಿಂತಿದ್ದ ಸಾಲು ಎರಡು ಹೆಜ್ಜೆ ಹಿಂದಕ್ಕೆ ಸರಿಯಿತು. ಒಬ್ಬಾಕೆ ಬ್ಯಾಗನ್ನು ಈ ಹೆಗಲಿಂದ ಆ ಹೆಗಲಿಗೆ ಬದಲಾಯಿಸಿಕೊಂಡಳು. ಇವರು ಅದನ್ನು ನೋಡಿದರು. ಡಾಕ್ಟರು ಚೀಟಿ ಬರೆಯುತ್ತಿದ್ದ ಹಾಗೆಯೇ ಇವರು ಹೊರಗೆ ಬಂದು ಆಟೋದಲ್ಲಿ ಕೂತುಬಿಟ್ಟರು.

"ಇನ್ನು ಆಸ್ಪತ್ರೆ ಮಾತು ಎತ್ತಬೇಡ ಕಣೆ ರತ್ನಾ" ಎಂದರು. ನಾನು ಎತ್ತಲಿಲ್ಲ, ಆದರೆ ಕಾಲು ಎತ್ತಿತು. ಹೆಬ್ಬೆರಳ ಕೆಳಗೆ ಒಂದು ಹುಣ್ಣು ಕಾಣಿಸಿಕೊಂಡಿತು, ಮಾಯಲೇ ಇಲ್ಲ. ಅರಿಶಿನ ಹಚ್ಚಿದೆ, ಬೇವಿನ ನೀರಲ್ಲಿ ತೊಳೆದೆ, ದಿನಾ ಜಗಳವಾಡಿದೆ. ಕೊನೆಗೆ ಒಂದು ದಿನ ರೇಗಿ ಹೇಳಿದರು, "ನನ್ನ ಗುರುತಿಲ್ಲದ ಊರಲ್ಲಿ ಬೇಕಾದ್ರೆ ತೋರಿಸ್ತೀನಿ, ಹೋಗು!"

ಸರಿ, ತುಮಕೂರಿಗೆ ಕರೆದುಕೊಂಡು ಹೋದೆ. ಆಸ್ಪತ್ರೆಯ ಗೇಟಿನಲ್ಲಿ ಎಳನೀರು ಕುಡಿಯುತ್ತಿದ್ದ ಒಬ್ಬ ಮೀಸೆಯವನು ಓಡಿ ಬಂದು ಇವರನ್ನು ತಬ್ಬಿಕೊಂಡ. "ಏನ್ ಗಂಗಣ್ಣ! ಯಾವಾಗ್ ಬಿಟ್ರು ಗುರು?" ಎಂದು ಇಡೀ ಬೀದಿಗೆ ಕೇಳುವಂತೆ ವಿಚಾರಿಸಿದ. ಅದೇ ಆಟೋದಲ್ಲಿ ಬಸ್ ಸ್ಟ್ಯಾಂಡಿಗೆ ವಾಪಸ್ ಬಂದೆವು.

ಇನ್ನು ಇವರ ಗುರುತಿಲ್ಲದ ಊರು ಕರ್ನಾಟಕದಲ್ಲಿ ಸಿಗುವುದಿಲ್ಲ ಎಂದು ನನಗೆ ಅರ್ಥವಾಯಿತು. ಅಷ್ಟರಲ್ಲಿ ಟೂರಿನ ಮಂಜಣ್ಣ ನನ್ನ ಹೊಲಿಗೆ ಅಂಗಡಿಗೆ ಬಂದು, ಕಾಶಿ ಮುಗಿಸಿ ನೇಪಾಳಕ್ಕೆ ಬಸ್ಸು ಹೊರಡಿಸುತ್ತಿದ್ದೇನೆ, ಪಾಸ್‌ಪೋರ್ಟ್ ಬೇಕಿಲ್ಲ, ಓಟಿನ ಗುರುತಿನ ಚೀಟಿ ಇದ್ದರೆ ಸಾಕು ಎಂದ. ನಾನು ಹೊಲಿಯುತ್ತಿದ್ದ ಮಿಷನ್ನನ್ನು ನಿಲ್ಲಿಸಿ ಎರಡು ಸೀಟು ಹೇಳಿದೆ. ಮಂಜಣ್ಣ ನನ್ನ ಭಕ್ತಿಯನ್ನು ಬಹಳ ಮೆಚ್ಚಿಕೊಂಡ.

ಬಸ್ಸಿನೊಳಗೆ

ಬಸ್ಸಿನಲ್ಲಿದ್ದ ಹೆಂಗಸರಲ್ಲಿ ಮುಕ್ಕಾಲು ಪಾಲು ನನ್ನ ಗಿರಾಕಿಗಳೇ. ಅವರ ಎದೆ, ಸೊಂಟ, ತೋಳು ಎಲ್ಲದರ ಅಳತೆ ನನಗೆ ಬಾಯಿಪಾಠ. ಮನಸ್ಸಿನ ಅಳತೆ ಮಾತ್ರ ಇರಲಿಲ್ಲ. ಎಲ್ಲರೂ "ಬನ್ನಿ ರತ್ನಮ್ಮ, ಕೂತ್ಕೊಳಿ ರತ್ನಮ್ಮ" ಎಂದರು. ಹಿಂದಿನಿಂದ ಯಜಮಾನರು ಹತ್ತಿದ ಕೂಡಲೇ ಎಲ್ಲರಿಗೂ ಕಿಟಕಿಯ ಹೊರಗೆ ಏನೋ ಕಾಣಿಸಿತು. ನಮ್ಮ ಹಿಂದಿನ ಸೀಟಿನಲ್ಲಿ ಯಾರೂ ಕೂರಲಿಲ್ಲ, ಅಡುಗೆಯವರು ಅಲ್ಲಿ ಈರುಳ್ಳಿ ಮೂಟೆ ಇಟ್ಟರು. ನೇಪಾಳ ತಲುಪುವವರೆಗೂ ನಾವು ಈರುಳ್ಳಿಯ ವಾಸನೆ ಕುಡಿದೆವು.

ಮುಂದಿನ ಸೀಟು ಸಾವಿತ್ರಮ್ಮನವರದು. ರಿಟೈರ್ ಆದ ಸ್ಕೂಲ್ ಮೇಡಮ್ಮು. ಅವರ ಮಗಳ ಮದುವೆಯ ಬ್ಲೌಸಿನ ತೋಳು ಬಿಗಿಯಾಗಿತ್ತು ಎಂದು ನನ್ನ ಮೇಲೆ ಅವರಿಗೆ ಹಳೆಯ ಸಿಟ್ಟು. ತೋಳು ಬಿಗಿಯಾದದ್ದು ನನ್ನ ತಪ್ಪಲ್ಲ, ಅಳತೆ ಕೊಟ್ಟ ಮೇಲೆ ಮದುವೆಮನೆಯ ಹೋಳಿಗೆ ತಿಂದವರದು. ಅವರು ಹತ್ತಿದೊಡನೆ ವ್ಯಾನಿಟಿ ಬ್ಯಾಗನ್ನು ಸೀಟಿನ ಹಿಂಬದಿಯಿಂದ ತೆಗೆದು ಮಡಿಲಲ್ಲಿಟ್ಟುಕೊಂಡರು. ನನಗೆ ಮೈ ಉರಿಯಿತು. ಯಜಮಾನರು ಮಾತ್ರ ಕಿಟಕಿಗೆ ಮೂಗು ಒತ್ತಿ, ಹೊಲ ನೋಡುತ್ತಾ ಖುಷಿಯಾಗಿದ್ದರು.

ಬಸ್ಸು ಓಡಿಸುತ್ತಿದ್ದವರು ಹೊಸಕೋಟೆಯ ಬಾಷಾ ಸಾಬರು. ನನ್ನ ಗುಟ್ಟು ಗೊತ್ತಿದ್ದುದು ಅವರೊಬ್ಬರಿಗೆ. ಯಾಕೆಂದರೆ ನನ್ನ ಹಿಂದಿ ಟಿವಿ ಧಾರಾವಾಹಿಯ ಹಿಂದಿ. ಅತ್ತೆಯನ್ನು ಬೈಯಲು ಸಾಕು, ಡಾಕ್ಟರ ಹತ್ತಿರ ಸಾಲದು. ಅವರ ಮನೆಮಾತು ದಖನಿ, ಹಿಂದಿಯವರಿಗೆ ಮುಕ್ಕಾಲು ಪಾಲು ಅರ್ಥವಾಗುತ್ತದೆ. "ಫಿಕರ್ ನಕ್ಕೋ ಅಕ್ಕಾ, ನಾನಿದೀನಲ್ಲ" ಎಂದು ಧೈರ್ಯ ಕೊಟ್ಟಿದ್ದರು.

ದಾರಿಯುದ್ದಕ್ಕೂ ಯಜಮಾನರಿಗೆ ಒಂದೇ ಕಷ್ಟ, ಬಾಗಿಲು. ಮುಚ್ಚಿದ ಬಾಗಿಲು ಕಂಡರೆ ಅದರ ಮುಂದೆ ಕೈ ಕಟ್ಟಿ ನಿಲ್ಲುತ್ತಾರೆ. ತಾವೇ ತಳ್ಳಬಹುದು ಎಂಬುದು ನೆನಪಿಗೆ ಬರುವುದಿಲ್ಲ. ನಾಗಪುರದ ಹತ್ತಿರ ಒಂದು ಢಾಬಾದ ಪಾಯಿಖಾನೆ ಮುಂದೆ ನಿಂತವರು ನಿಂತೇ ಇದ್ದರು. ಹಿಂದೆ ನಿಂತ ಲಾರಿ ಡ್ರೈವರುಗಳು ಒಳಗೆ ಯಾರೋ ಇದ್ದಾರೆ ಎಂದುಕೊಂಡು ಕಾದರು. ಒಳಗೆ ನೊಣ ಬಿಟ್ಟರೆ ಯಾರೂ ಇರಲಿಲ್ಲ. ನಾನು ಹೋಗಿ ಬಾಗಿಲನ್ನು ತಳ್ಳಿದಾಗ ಆ ಡ್ರೈವರುಗಳು ನಮ್ಮಿಬ್ಬರನ್ನೂ ನೋಡಿದ ನೋಟವನ್ನು ಇಲ್ಲಿ ಬರೆಯುವ ಹಾಗಿಲ್ಲ.

ದೇವಸ್ಥಾನಗಳಲ್ಲಿ ಬೇರೆ ತೊಂದರೆ. ಕಾಲಿನ ಹುಣ್ಣಿಗೆ ಬಟ್ಟೆ ಸುತ್ತಿ, ಮೇಲೆ ಸಾಕ್ಸು, ಅದರ ಮೇಲೆ ಬೂಟು ಹಾಕಿಸಿದ್ದೆ. ಗುಡಿಯೊಳಗೆ ಹೋಗಬೇಕೆಂದರೆ ಬಿಚ್ಚಬೇಕು, ಬಿಚ್ಚಿದರೆ ಎಲ್ಲರಿಗೂ ಕಾಣುತ್ತದೆ. "ನೀವೆಲ್ಲ ಹೋಗಿ ಬನ್ನಿ, ನಾನು ಚಪ್ಪಲಿ ನೋಡ್ಕೊತೀನಿ" ಎಂದು ಅವರೇ ಹೇಳಿದರು. ಕಾಶಿಯಲ್ಲಿ ಹಾಗೆ ಎಲ್ಲರ ಚಪ್ಪಲಿಯನ್ನೂ ಜೋಡಿ ಜೋಡಿಯಾಗಿ ಸಾಲು ಮಾಡಿ ಕಾದರು. ಸಾವಿತ್ರಮ್ಮ ಒಬ್ಬರು ಮಾತ್ರ ಹೊಸ ಚಪ್ಪಲಿಯನ್ನು ಪೇಪರಿನಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡು ವಿಶ್ವನಾಥನ ದರ್ಶನಕ್ಕೆ ಹೊರಟರು. ಬಾಗಿಲಲ್ಲಿ ಪೊಲೀಸಿನವರು ಬ್ಯಾಗು ತಡಕಿ, ಚಪ್ಪಲಿ ಹೊರಗೆ ತೆಗೆದು, ಹಿಂದಿಯಲ್ಲಿ ಚೆನ್ನಾಗಿ ಮಂಗಳಾರತಿ ಎತ್ತಿ ವಾಪಸ್ ಕಳಿಸಿದರು. ಬಂದು ಸುಮ್ಮನೆ ಯಜಮಾನರ ಸಾಲಿನ ಕೊನೆಯಲ್ಲಿಟ್ಟು ಹೋದರು. ನನಗೆ ಕಾಶಿ ಯಾತ್ರೆಯ ಪುಣ್ಯ ಅಲ್ಲೇ ಬಂತು.

ಸುನೌಲಿ ಗಡಿ

ಹೊರದೇಶ ಎಂದರೆ ಸಮುದ್ರವೋ ಆಕಾಶವೋ ದಾಟಬೇಕು ಎಂದುಕೊಂಡಿದ್ದೆ. ಸುನೌಲಿಯಲ್ಲಿ ಒಂದು ದೊಡ್ಡ ಕಮಾನು, ಅದರ ಕೆಳಗೆ ಸೈಕಲ್ಲು, ಎಮ್ಮೆ, ತಲೆ ಮೇಲೆ ಮೂಟೆ ಹೊತ್ತ ಹೆಂಗಸರು. ಎಮ್ಮೆಯನ್ನು ಯಾರೂ ಏನೂ ಕೇಳಲಿಲ್ಲ. ನಮ್ಮ ಬಸ್ಸಿನ ಕಾಗದಕ್ಕೆ ಮಾತ್ರ ಅರ್ಧ ದಿನ ಹಿಡಿಯಿತು.

ಅಲ್ಲಿ ಮಂಜಣ್ಣ ಪ್ರಯಾಣಿಕರನ್ನು ಎಣಿಸಲು ಶುರುಮಾಡಿದ. ಒಂದು ಸಲ ಎಣಿಸಿದರೆ ಒಬ್ಬರು ಕಡಿಮೆ, ಇನ್ನೊಂದು ಸಲ ಎಣಿಸಿದರೆ ಇಬ್ಬರು ಜಾಸ್ತಿ. ಒಬ್ಬರು ಬಳೆ ಅಂಗಡಿಗೆ, ಒಬ್ಬರು ಟೀ ಅಂಗಡಿಗೆ, ಸಾವಿತ್ರಮ್ಮ ಎರಡೂ ದೇಶದಲ್ಲಿ ಒಂದೊಂದು ಕಾಲಿಟ್ಟು ಫೋಟೋಗೆ. ಮಂಜಣ್ಣ ತಲೆ ಚಚ್ಚಿಕೊಂಡ.

ಯಜಮಾನರು ಎಣಿಸುವ ದನಿ ಕೇಳಿದೊಡನೆ ರಸ್ತೆ ಬದಿಯಲ್ಲಿ ಕುಕ್ಕರಗಾಲಲ್ಲಿ ಕೂತು ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡಿದ್ದರು. ಜೈಲಿನಲ್ಲಿ ಬೆಳಿಗ್ಗೆ ಸಂಜೆ ಹಾಗೆಯೇ ಎಣಿಸುತ್ತಿದ್ದುದು. ಸ್ವಲ್ಪ ಹೊತ್ತು ಮಂಜಣ್ಣನ ಪಾಡು ನೋಡಿದರು. ಆಮೇಲೆ ತಡೆಯಲಾರದೆ ಎದ್ದು, "ಹಂಗಲ್ಲಪ್ಪ, ಜೋಡಿ ಮಾಡಿ ಕೂರಿಸಬೇಕು. ಕೂತ್ಕೊಳಿ ಎಲ್ರೂ! ಇಬ್ಬಿಬ್ಬರು! ಸಾಲು ಬಿಡಬೇಡಿ!" ಎಂದು ಗದರಿದರು.

ಆ ದನಿಯಲ್ಲಿ ಏನಿತ್ತೋ, ನಮ್ಮ ಬಸ್ಸಿನ ಇಡೀ ಜನ ರಸ್ತೆ ಬದಿಯಲ್ಲಿ ಇಬ್ಬಿಬ್ಬರಾಗಿ ಕೂತುಬಿಟ್ಟರು. ರೇಷ್ಮೆ ಸೀರೆಯವರು, ಪಂಚೆಯವರು, ಮಂಡಿ ನೋವಿನವರು, ಎಲ್ಲರೂ. ಸಾವಿತ್ರಮ್ಮ ಇನ್ನೊಬ್ಬ ಮೇಡಮ್ಮಿನ ಜೋಡಿಯಾಗಿ ಮುಂದಿನ ಸಾಲಲ್ಲೇ ಕೂತರು, ಶಾಲೆಯಲ್ಲಿ ಮಕ್ಕಳನ್ನು ಕೂರಿಸಿದ ಅಭ್ಯಾಸ ಅವರಿಗೂ ಇತ್ತಲ್ಲ. ಮಂಜಣ್ಣ ಎರಡೆರಡಾಗಿ ಎಣಿಸಿಕೊಂಡು ಹೋದ, ಲೆಕ್ಕ ಒಂದೇ ಸಲಕ್ಕೆ ಸರಿಹೋಯಿತು. "ಎಂಥಾ ಐಡಿಯಾ ಗಂಗಣ್ಣ! ಎಲ್ಲಿ ಕಲಿತ್ರಿ ಇದನ್ನ?" ಎಂದ. ಕೇಳಿದ ಮೇಲೆ ಅವನಿಗೇ ಹೊಳೆದು ನಾಲಿಗೆ ಕಚ್ಚಿಕೊಂಡ. ಆದರೂ ಮುಂದೆ ನೇಪಾಳದುದ್ದಕ್ಕೂ ಪ್ರತಿ ನಿಲುಗಡೆಯಲ್ಲಿ ಅದೇ ಪದ್ಧತಿ ನಡೆಯಿತು. ಅಲ್ಲಿಯ ಜನ ಇದು ಕರ್ನಾಟಕದವರ ಯಾವುದೋ ಪೂಜೆ ಎಂದು ತಿಳಿದು ಗೌರವದಿಂದ ದೂರ ನಿಂತು ನೋಡುತ್ತಿದ್ದರು.

ಗಡಿ ದಾಟಿದರೆ ಗಡಿಯಾರವನ್ನು ಕಾಲು ಗಂಟೆ ಮುಂದಕ್ಕೆ ತಿರುಗಿಸಬೇಕು. ಅರ್ಧ ಅಲ್ಲ, ಒಂದಲ್ಲ, ಕಾಲು ಗಂಟೆ! ಸಾವಿತ್ರಮ್ಮ ತಮ್ಮ ವಾಚನ್ನು ಮುಟ್ಟಲು ಬಿಡಲಿಲ್ಲ, ದಿನಾ ತಿಂಡಿಗೆ ಕಡೆಯವರಾಗಿ ಬಂದರು. ಯಜಮಾನರು ಮಾತ್ರ ನಗುತ್ತಾ ಮುಳ್ಳು ತಿರುಗಿಸಿದರು. "ಕಾಲು ಗಂಟೆ ಶಿಕ್ಷೆ ಮಾಫಿ ಸಿಕ್ತು ಕಣೆ" ಎಂದರು. ಅವರು ಹಾಗೆ ನಕ್ಕದ್ದನ್ನು ನೋಡಿ ಬಹಳ ಕಾಲವಾಗಿತ್ತು.

ಬೆಟ್ಟದ ದಾರಿ

ನೇಪಾಳದ ಜನ ಮಾತಿಗೆ ಮುಂಚೆ, ಮಾತಿನ ನಡುವೆ, ಮಾತಾದ ಮೇಲೆ "ಹಜೂರ್" ಎನ್ನುತ್ತಾರೆ. ಟೀ ಕೊಡುವಾಗ ಹಜೂರ್, ದಾರಿ ಕೇಳಿದರೆ ಹಜೂರ್. ಮೊದಲ ಸಲ ಒಬ್ಬ ಅಂಗಡಿಯವನು ಹಾಗೆ ಕರೆದಾಗ ಯಜಮಾನರು ಹಿಂದೆ ಯಾವ ಸಾಹೇಬರು ನಿಂತಿದ್ದಾರೆ ಎಂದು ತಿರುಗಿ ನೋಡಿದರು. ಯಾರೂ ಇರಲಿಲ್ಲ. ಆಮೇಲೆ ಬೇಕೆಂದೇ ಅಂಗಡಿ ಅಂಗಡಿಗೆ ಹೋಗಿ ಬೆಂಕಿಪೊಟ್ಟಣ ವಿಚಾರಿಸತೊಡಗಿದರು. ಬೀಡಿ ಬಿಟ್ಟು ವರ್ಷಗಳಾಗಿದ್ದವು.

ನದಿಯ ಪಕ್ಕದ ಒಂದು ಹೋಟೆಲಿನಲ್ಲಿ ನಮ್ಮ ಅಡುಗೆಯವರ ಗ್ಯಾಸು ಕೈಕೊಟ್ಟಿತು. ಅಲ್ಲಿಯ ಆಕೆ ನಗುತ್ತಾ ಕಪ್ಪಗಿನ ಬಿಸಿ ಮುದ್ದೆಯನ್ನು ತಟ್ಟೆಗೆ ಹಾಕಿದಳು. ಢಿಂಡೋ ಎಂದು ಹೆಸರು. ನೋಡಿದರೆ ನಮ್ಮ ರಾಗಿ ಮುದ್ದೆ! ಅನ್ನ, ಬೇಳೆಯನ್ನೇ ತಿಂದು ಬೇಸತ್ತಿದ್ದ ನಮ್ಮ ಜನ ತವರುಮನೆ ಸಿಕ್ಕವರಂತೆ ಮುಗಿಬಿದ್ದರು. ಒಬ್ಬರು ಮೆತ್ತಗಾಯಿತು ಎಂದರು, ಇನ್ನೊಬ್ಬರು ಗಂಟಾಗಿದೆ ಎಂದರು. ಯಜಮಾನರು ಒಂದು ತುತ್ತು ನುಂಗಿ, ಯೋಚಿಸಿ, ಹೇಳಿಯೇಬಿಟ್ಟರು:

"ಜೈಲಿನದು ಇದಕ್ಕಿಂತ ಗಟ್ಟಿ."

ಆ ಮಾತನ್ನು ಬಸ್ಸಿನಲ್ಲಿ ಅದುವರೆಗೆ ಯಾರೂ ಆಡಿರಲಿಲ್ಲ. ನಾನು ತಟ್ಟೆಯೊಳಗೆ ತಲೆ ಹಾಕಿ ಕೂತೆ. ಆಗ ಸಾವಿತ್ರಮ್ಮನವರ ದನಿ ಕೇಳಿಸಿತು, "ಸಾರು ಹೆಂಗಿರ್ತಿತ್ತು?"

"ಸಾರು ಬಿಡಿ ಮೇಡಂ, ಕೈ ತೊಳೆಯೋಕೆ ಆಗೋದು" ಎಂದರು ಇವರು. ಯಾರೋ ಕಿಸಕ್ಕೆಂದರು, ಆಮೇಲೆ ಎಲ್ಲರೂ ನಕ್ಕರು. ಅವತ್ತು ಸಂಜೆ ಈರುಳ್ಳಿ ಮೂಟೆ ಡಿಕ್ಕಿಗೆ ಹೋಯಿತು, ಹಿಂದಿನ ಸೀಟಿಗೆ ಜನ ಬಂದರು.

ಕಠ್ಮಂಡು, ಶನಿವಾರ

ನನ್ನ ಉಪಾಯ ಹೀಗಿತ್ತು. ಶನಿವಾರ ಎಲ್ಲರೂ ರುದ್ರಾಕ್ಷಿ ಕೊಳ್ಳಲು ಪೇಟೆಗೆ ಹೋಗುತ್ತಾರೆ, ನಾವು ಆಸ್ಪತ್ರೆಗೆ ಹೋಗಿ ಬಂದುಬಿಡುವುದು. ಭಾನುವಾರ ಹೇಗೂ ಬಾಗಿಲು ಹಾಕಿರುತ್ತಾರಲ್ಲ. ಬಾಷಾ ಸಾಬರು ದೇವಸ್ಥಾನದ ಹಿಂದಿನ ಬೀದಿಯಲ್ಲಿ ಒಂದು ಸಣ್ಣ ಆಸ್ಪತ್ರೆ ನೋಡಿಕೊಂಡು ಬಂದಿದ್ದರು. ಹೋದರೆ ಬೀಗ. ಆ ದೇಶದಲ್ಲಿ ವಾರದ ರಜೆ ಶನಿವಾರವಂತೆ! ಭಾನುವಾರ ಎಲ್ಲರೂ ಸ್ನಾನ ಮಾಡಿಕೊಂಡು ಕೆಲಸಕ್ಕೆ ಹೋಗುತ್ತಾರಂತೆ. ಆಫೀಸು, ಶಾಲೆ, ಆಸ್ಪತ್ರೆ ಎಲ್ಲ ತೆರೆದಿರುತ್ತದಂತೆ. ಇಷ್ಟು ದೂರ ಬಂದು ವಾರದ ಲೆಕ್ಕ ತಪ್ಪಿದ್ದಕ್ಕೆ ನನಗೆ ಅಳುವುದೋ ನಗುವುದೋ ತಿಳಿಯಲಿಲ್ಲ.

ಯಜಮಾನರಿಗೆ ಮಾತ್ರ ಬೀಗ ನೋಡಿ ಸಮಾಧಾನವಾದದ್ದು ಮುಖದಲ್ಲೇ ಕಾಣುತ್ತಿತ್ತು. ಲಾಡ್ಜಿಗೆ ಬಂದು ಕಾಲಿಗೆ ಸುತ್ತಿದ್ದ ಬಟ್ಟೆ ಬಿಚ್ಚಿ ನೋಡಿದೆ. ಹುಣ್ಣಿನ ಸುತ್ತ ಕಪ್ಪಾಗಿತ್ತು, ವಾಸನೆ ಬರುತ್ತಿತ್ತು.

"ರೀ, ನಾಳೆ ಬಾಗಿಲು ತೆಗೀತಾರೆ. ನಾಳೆ ಹೋಗಲೇಬೇಕು. ಇಲ್ಲಿ ಯಾರಿಗೆ ಗೊತ್ತು ನಿಮ್ಮ ಕಥೆ?"

ಕಾಲನ್ನು ಹೊದಿಕೆಯೊಳಗೆ ಎಳೆದುಕೊಂಡರು. ಆಮೇಲೆ ಗೋಡೆ ನೋಡುತ್ತಾ ಹೇಳಿದರು. "ನಮ್ಮ ಬ್ಯಾರಕ್‌ನಲ್ಲಿ ಹನುಮಂತರಾಯ ಅಂತ ಒಬ್ಬ ಇದ್ದ. ಹಿಂಗೇ ಕಾಲು. ಹೊರಗಿನ ಆಸ್ಪತ್ರೆಗೆ ಹೋಗ್ಬೇಕು ಅಂದ್ರೆ ಎಸ್ಕಾರ್ಟ್ ಪೊಲೀಸು ಬರಬೇಕು. ಇವತ್ ಬರ್ತಾರೆ, ನಾಳೆ ಬರ್ತಾರೆ ಅಂತ ಕಾದ. ಬಂದ್ರು, ಕರ್ಕೊಂಡ್ ಹೋದ್ರು. ವಾಪಸ್ ಬರುವಾಗ ಕಾಲಿರಲಿಲ್ಲ ಕಣೆ."

ಆಗ ನನಗೆ ತಿಳಿಯಿತು, ಇವರಿಗೆ ಇದ್ದದ್ದು ಬರೀ ನಾಚಿಕೆಯಲ್ಲ, ಹೆದರಿಕೆ. ಇಷ್ಟು ದಿನ ಅವರನ್ನು ಬೈದ ಬೈಗುಳವೆಲ್ಲ ನನ್ನ ಎದೆಗೇ ಬಂದು ಕುಟ್ಟಿತು. ಪಕ್ಕದಲ್ಲಿ ಕೂತು ಕಾಲನ್ನು ಮಡಿಲಲ್ಲಿ ಇಟ್ಟುಕೊಂಡೆ. ಗೋಡೆ ಮೇಲಿದ್ದ ಕ್ಯಾಲೆಂಡರಿನ ಪಶುಪತಿನಾಥ ನೋಡುತ್ತಿದ್ದ ಹಾಗೆಯೇ ನಾನು ಅತ್ತುಬಿಟ್ಟೆ.

ಭಾನುವಾರ, ಗುಡಿಯ ಹೊರಗೆ

ಬೆಳಿಗ್ಗೆ ಎಲ್ಲರೂ ದರ್ಶನಕ್ಕೆ ಹೊರಟರು. ಯಜಮಾನರು ಎಂದಿನಂತೆ ಹೂ ಮಾರುವ ಮುದುಕಿಯ ಪಕ್ಕದಲ್ಲಿ ಚಪ್ಪಲಿಯ ಸಾಲು ಹಾಕಿ ಕೂತರು. ಸಾವಿತ್ರಮ್ಮ ಈ ಸಲ ತಮ್ಮ ಚಪ್ಪಲಿಯನ್ನು ಮೊದಲ ಸಾಲಲ್ಲಿಟ್ಟು, "ಬಿಸಿಲಿಗೆ ಬಿಡಬೇಡಿ ಗಂಗಣ್ಣ, ಅಂಟು ಬಿಡ್ತದೆ" ಎಂದು ಅಧಿಕಾರದಿಂದ ಹೇಳಿ ಹೋದರು. ಅವರು ಮರೆಯಾದ ಕೂಡಲೇ ನಾನೂ ಬಾಷಾ ಸಾಬರೂ "ಏಳಿ" ಎಂದೆವು.

ಏಳಲಿಲ್ಲ. ಚಪ್ಪಲಿ ಯಾರು ನೋಡ್ಕೊತಾರೆ ಎಂದರು. ಹೂವಿನ ಮುದುಕಿ ನೋಡುತ್ತಾಳೆ ಎಂದೆ. ಅವಳಿಗೆ ಕನ್ನಡ ಬರುವುದಿಲ್ಲ ಎಂದರು. ಚಪ್ಪಲಿಗೂ ಬರುವುದಿಲ್ಲ ಎಂದೆ. ಕೊನೆಗೆ ಕೈಚೆಲ್ಲಿ, "ಎಸ್ಕಾರ್ಟ್ ಇಲ್ಲದೆ ಆಸ್ಪತ್ರೆಗೆ ಹೋಗಿ ಅಭ್ಯಾಸ ಇಲ್ಲ ಕಣೆ, ಕಾಲೇ ಏಳ್ತಿಲ್ಲ" ಎಂದರು. ಅದು ತಮಾಷೆಯ ಮಾತಾಗಿರಲಿಲ್ಲ, ಹಣೆಯಲ್ಲಿ ಬೆವರು ಇಳಿಯುತ್ತಿತ್ತು.

ನನಗೆ ಅದೆಲ್ಲಿತ್ತೋ ಸಿಟ್ಟು, ಬಂದುಬಿಟ್ಟಿತು. "ಎಸ್ಕಾರ್ಟ್ ತಾನೇ ಬೇಕು? ಇರಿ!" ಎಂದವಳೇ ಚೌಕದಲ್ಲಿ ಕೊಡೆ ಹಿಡಿದು ನಿಂತಿದ್ದ ಒಬ್ಬ ಪೊಲೀಸಿನವನ ಮುಂದೆ ಹೋಗಿ ನಿಂತೆ. ನರೆತ ಮೀಸೆ, ಸಣ್ಣ ಕಣ್ಣು. ಬಾಷಾ ಸಾಬರು ಓಡಿ ಬಂದು ನನ್ನ ಪರವಾಗಿ ಅರ್ಜಿ ಹಾಕಿದರು: "ಸಾಬ್, ಇನೋ ದವಾಖಾನೆ ಕೂ ಜಾನೇ ಕೂ ಡರ್ ರೈಂ. ಜರಾ ಸಾತ್ ಚಲೋ ನಾ." ಆಸ್ಪತ್ರೆಗೆ ಹೋಗಲು ಹೆದರುತ್ತಿದ್ದಾರೆ, ಸ್ವಲ್ಪ ಜೊತೆಗೆ ಬನ್ನಿ ಎಂದು. ಪೊಲೀಸಪ್ಪ ನನ್ನ ಮುಖ ನೋಡಿದ, ಚಪ್ಪಲಿಗಳ ನಡುವೆ ಕೂತಿದ್ದ ಇವರನ್ನು ನೋಡಿದ. "ಹಜೂರ್" ಎಂದು ನಕ್ಕು ಹೊರಟೇಬಿಟ್ಟ.

ಖಾಕಿಯಲ್ಲದಿದ್ದರೂ ಸಮವಸ್ತ್ರ ಸಮವಸ್ತ್ರವೇ. ಕಂಡ ಕೂಡಲೇ ಯಜಮಾನರು ಎದ್ದು ನಿಂತರು. ಯಾರೂ ಕೇಳದೆಯೇ ಎರಡೂ ಕೈಗಳನ್ನು ಜೋಡಿಸಿ, ಮಣಿಕಟ್ಟು ಮುಂದೆ ಮಾಡಿ ನೀಡಿದರು. ಹೂವಿನ ಮುದುಕಿ ಬಾಯಿ ತೆರೆದು ನೋಡಿದಳು. ಪೊಲೀಸಪ್ಪನಿಗೆ ಇದು ಏನೆಂದು ಅರ್ಥವಾಗಲಿಲ್ಲ. ಏನೋ ಕೇಳುತ್ತಿದ್ದಾರೆ ಎಂದುಕೊಂಡು ತನ್ನ ಕೊಡೆಯನ್ನು ಆ ಕೈಗಳಲ್ಲಿಟ್ಟ. ಆಮೇಲೆ ಇವರ ಬೆರಳು ಹಿಡಿದುಕೊಂಡು, ಮೊದಲ ದಿನ ಮಗುವನ್ನು ಶಾಲೆಗೆ ಕರೆದೊಯ್ಯುವ ಹಾಗೆ ನಿಧಾನವಾಗಿ ನಡೆಸಿಕೊಂಡು ಹೋದ. ನಾನೂ ಬಾಷಾ ಸಾಬರೂ ಹಿಂದೆ ಹಿಂದೆ ಹೋದೆವು. ಆಸ್ಪತ್ರೆಯ ಬಾಗಿಲು ಮುಚ್ಚಿತ್ತು. ಯಜಮಾನರು ಅಭ್ಯಾಸದಂತೆ ನಿಂತರು. ಪೊಲೀಸಪ್ಪನೂ ನಿಂತು, ಮುಂದೆ ನಡೆಯಿರಿ ಎಂದು ಇವರಿಗೇ ಕೈ ತೋರಿಸಿದ. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಾ ನಿಂತರು. ಕೊನೆಗೆ ಇವರು ಕೊಡೆಯ ತುದಿಯಿಂದ ಬಾಗಿಲನ್ನು ಮೆಲ್ಲಗೆ ತಳ್ಳಿದರು. ತೆರೆದುಕೊಂಡಿತು.

ಆಸ್ಪತ್ರೆ

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕಾಲು ನೋಡಿದವಳೇ ನನ್ನ ಮೇಲೆ ಹಿಂದಿಯಲ್ಲಿ ಹರಿಹಾಯ್ದಳು. ಬೈಗುಳ ಯಾವ ಭಾಷೆಯಲ್ಲಿದ್ದರೂ ನನಗೆ ಅರ್ಥವಾಗುತ್ತದೆ. ರಕ್ತ ಪರೀಕ್ಷೆ ಮಾಡಿ, ಕಾಲು ತೊಳೆದು, ಕತ್ತರಿಯಿಂದ ಸತ್ತ ಚರ್ಮ ಕತ್ತರಿಸುತ್ತಿದ್ದಳು. ಯಜಮಾನರು ಕಣ್ಣು ಮುಚ್ಚಿ ಪೊಲೀಸಪ್ಪನ ಕೈಯನ್ನು ಬಿಡದೆ ಹಿಡಿದಿದ್ದರು. ಬಾಷಾ ಸಾಬರು ಬಾಗಿಲಲ್ಲಿ ನಿಂತು ಏನೋ ಪ್ರಾರ್ಥಿಸುತ್ತಿದ್ದರು. ನಾನು ಒಂದೇ ಪ್ರಶ್ನೆಯನ್ನು ಬಾಯಲ್ಲಿ ಇಟ್ಟುಕೊಂಡು, ಕೇಳಲು ಧೈರ್ಯವಿಲ್ಲದೆ ನಿಂತಿದ್ದೆ.

ಅಷ್ಟರಲ್ಲಿ ಹೊರಗೆ ಕನ್ನಡ ಕೇಳಿಸಿತು. ಅದೂ ಎಂಥ ಕನ್ನಡ! ಸಂತೆಯೇ ಎದ್ದು ಬಂದಂಥ ಕನ್ನಡ.

ಆದದ್ದು ಇಷ್ಟು. ದರ್ಶನ ಮುಗಿಸಿ ಬಂದವರಿಗೆ ಚಪ್ಪಲಿ ಇದೆ, ಕಾಯುವವರಿಲ್ಲ. ಗಂಗಣ್ಣ ಎಲ್ಲಿ ಎಂದು ಸನ್ನೆಯಲ್ಲಿ ಕೇಳಿದ್ದಾರೆ. ಹೂವಿನ ಮುದುಕಿ "ಪುಲಿಸ್, ಪುಲಿಸ್" ಎಂದು ಎರಡೂ ಮಣಿಕಟ್ಟು ಜೋಡಿಸಿ ತೋರಿಸಿ ಈ ಬೀದಿಯ ಕಡೆ ಕೈ ಮಾಡಿದ್ದಾಳೆ. ಅಷ್ಟೇ ಸಾಕಾಯಿತು. ಇಡೀ ಬಸ್ಸು ಓಡಿ ಬಂದಿದೆ.

ಮೊದಲು ನುಗ್ಗಿದವರು ಸಾವಿತ್ರಮ್ಮ. ಪೊಲೀಸಪ್ಪನ ಎದುರು ಬೆರಳು ಆಡಿಸುತ್ತಾ ಶುರುಮಾಡಿದರು.

"ಯಾಕ್ರೀ ಹಿಡಿದಿದ್ದೀರಾ ಇವರನ್ನ? ಏನ್ ಮಾಡಿದ್ರು? ಜೈಲಿಂದ ಬಂದವರು ಅಂತ ಯಾರು ಏನ್ ಬೇಕಾದ್ರೂ ಮಾಡ್ಬೋದಾ? ಸನ್ನಡತೆ ಮೇಲೆ ಬಿಟ್ಟಿದ್ದಾರೆ ಕಣ್ರೀ, ಸನ್ನಡತೆ! ಕಾಶಿಯಿಂದ ನಮ್ಮ ಚಪ್ಪಲಿ ಕಾಯ್ತಿದ್ದಾರೆ, ಒಂದು ಉಂಗುಷ್ಠ ಕಳೆದಿಲ್ಲ! ನಮ್ಮೂರಿನವರು ಇವರು!"

ಹಿಂದಿನಿಂದ ಮಂಜಣ್ಣ, "ನಾನು ಟೂರ್ ಮ್ಯಾನೇಜರ್, ನನ್ನ ಲೆಕ್ಕದಲ್ಲಿ ಒಬ್ಬ ಕಡಿಮೆ ಆಗೋ ಹಂಗಿಲ್ಲ" ಎಂದು ಕೂಗಿದ. ಪೊಲೀಸಪ್ಪನಿಗೆ ಒಂದಕ್ಷರವೂ ಅರ್ಥವಾಗಲಿಲ್ಲ, ಪ್ರತಿ ಮಾತಿಗೂ "ಹಜೂರ್, ಹಜೂರ್" ಎಂದ. ನಾನು ಸಾವಿತ್ರಮ್ಮನವರ ಕಾಲು ನೋಡಿದೆ. ಬರಿಗಾಲು. ಅಂಟು ಬಿಡುವ ಚಪ್ಪಲಿಯನ್ನು ಮೆಟ್ಟಿಕೊಳ್ಳಲೂ ನಿಂತಿರಲಿಲ್ಲ. ಹಿಂದೆ ನಿಂತವರೆಲ್ಲರದೂ ಬರಿಗಾಲೇ. ಆಗ ನನಗೆ ಅಳು ಬಂದುಬಿಟ್ಟಿತು. ಸೆರಗನ್ನು ಬಾಯಿಗಿಟ್ಟುಕೊಂಡು ಅತ್ತೆ.

"ಬಿಡ್ರೀ ಮೇಡಂ, ಅವರೇನೂ ಮಾಡಿಲ್ಲ" ಎಂದರು ಯಜಮಾನರು. "ಕಾಲು ತೋರಿಸೋಕೆ ಕರ್ಕೊಂಡ್ ಬಂದ್ರು, ಅಷ್ಟೆ."

ಆಗ ಎಲ್ಲರ ಕಣ್ಣೂ ಕಾಲಿನ ಮೇಲೆ ಬಿತ್ತು. ಸಾವಿತ್ರಮ್ಮನವರ ಬೆರಳು ಗಾಳಿಯಲ್ಲೇ ನಿಂತಿತು. ನಾನು ಅಳುತ್ತಲೇ ಎಲ್ಲವನ್ನೂ ಹೇಳಿದೆ. ಎರಡು ಹೆಜ್ಜೆ ಹಿಂದೆ ಸರಿದ ಸಾಲು, ತುಮಕೂರಿನ ಮೀಸೆಯವನು, ನೇಪಾಳಕ್ಕೆ ಬಂದ ಕಾರಣ, ಎಲ್ಲ.

ಆಮೇಲೆ ಸಾವಿತ್ರಮ್ಮ ನನ್ನ ಕಡೆ ತಿರುಗಿದರು. "ಅಲ್ಲ ರತ್ನಮ್ಮ, ಕಾಲು ತೋರಿಸೋಕೆ ಯಾರಾದ್ರೂ ನೇಪಾಳಕ್ಕೆ ಬರ್ತಾರಾ? ಅಳತೆ ತಪ್ಪೋದು ನಿಮಗೇನು ಹೊಸದಲ್ಲ ಬಿಡಿ, ಆದ್ರೂ ಇಷ್ಟೊಂದಾ?" ಎಂದರು. ಬೈಯುತ್ತಲೇ ತಮ್ಮ ಕಣ್ಣನ್ನೂ ಒರೆಸಿಕೊಂಡರು.

ಇಷ್ಟು ಜನ ಒಳಗೆ ನಿಂತರೆ ಆಗುವುದಿಲ್ಲ, ರೋಗಿಯ ಕಡೆಯವರು ಯಾರು, ಅವರೊಬ್ಬರು ಇರಿ ಎಂದಳು ಡಾಕ್ಟರು. ಬಾಷಾ ಸಾಬರು ಕನ್ನಡಕ್ಕೆ ತಂದರು. ಬಾಗಿಲಿನಿಂದ ವರಾಂಡದ ತನಕ ಎಲ್ಲರೂ ಕೈ ಎತ್ತಿದರು. ನರ್ಸಮ್ಮ ಬಂದು ಗದರಿದಳು. ಎಲ್ಲರೂ ಗಾಬರಿಯಾಗಿ ವರಾಂಡದಲ್ಲಿ ಇಬ್ಬಿಬ್ಬರಾಗಿ ಸಾಲು ಹಿಡಿದು ಕುಕ್ಕರಗಾಲಲ್ಲಿ ಕೂತುಬಿಟ್ಟರು.

ನಾನು ಆಗ ಕೇಳಿದೆ. "ಬೇಟಿ, ಪೈರ್ ರಹೇಗಾ?" ಮಗಳೇ, ಕಾಲು ಉಳಿಯುತ್ತದೆಯೇ?

ಅವಳು ಪಟ್ಟಿ ಸುತ್ತುತ್ತಾ ತಲೆ ಎತ್ತಿದಳು. ಮೂಳೆಗೆ ಇಳಿದಿಲ್ಲ, ಉಳಿಯುತ್ತದೆ. ಇನ್ನು ಸ್ವಲ್ಪ ದಿನ ಬಿಟ್ಟಿದ್ದರೆ ಮಾತು ಬೇರೆ. ದಿನಾ ಪಟ್ಟಿ ಬದಲಾಯಿಸಬೇಕು, ಮಾತ್ರೆ ಬಿಡಬಾರದು, ಊರಿಗೆ ಹೋದ ಕೂಡಲೇ ಅಲ್ಲಿ ತೋರಿಸಬೇಕು ಎಂದಳು. ಬಾಷಾ ಸಾಬರು ಒಂದೊಂದಾಗಿ ಹೇಳಿದರು, ವರಾಂಡದವರು ಒಂದೊಂದಕ್ಕೂ "ಆಯ್ತು" ಎಂದರು. ನರ್ಸಮ್ಮ ಮಾತ್ರೆ ಕೊಟ್ಟಳು. ಯಜಮಾನರು ನುಂಗಿ, ಬಾಯಿ ತೆರೆದು, ನಾಲಿಗೆ ಎತ್ತಿ ತೋರಿಸಿದರು. ಈ ಸಲ ನಾನು ಬಗ್ಗಿ ಸರಿಯಾಗಿ ನೋಡಿದೆ.

ಪೊಲೀಸಪ್ಪ ತನ್ನ ಕೊಡೆ ವಾಪಸ್ ತೆಗೆದುಕೊಂಡು ಚೌಕಕ್ಕೆ ಹೋದ. ವಾಪಸ್ ಬರುವ ದಾರಿಯಲ್ಲಿ ಯಜಮಾನರನ್ನು ಯಾರೂ ನೆಲಕ್ಕೆ ಕಾಲಿಡಲು ಬಿಡಲಿಲ್ಲ. ಗುಡಿಗಳ ಮುಂದೆ ಸರದಿಯ ಮೇಲೆ ಬೇರೆಯವರು ಚಪ್ಪಲಿ ಕಾದರು, ಎರಡು ಜೊತೆ ಕಳೆದವು. ಪ್ರತಿ ಊಟದ ನಂತರ ಸಾವಿತ್ರಮ್ಮ ಮುಂದಿನ ಸೀಟಿನಿಂದ ಹಿಂದಕ್ಕೆ ತಿರುಗಿ, "ಎಲ್ಲಿ, ಆ ಅನ್ನಿ" ಎನ್ನುತ್ತಿದ್ದರು.

ಮತ್ತೆ ಅರಿಶಿನಕುಂಟೆ

ಊರಿಗೆ ಬಂದ ಮಾರನೆಯ ಬೆಳಿಗ್ಗೆ ನಾನು ಸೀರೆ ಉಟ್ಟು ರೆಡಿಯಾದೆ. ಸಾವಿತ್ರಮ್ಮ ತಾವೂ ಬರುತ್ತೇನೆಂದು ಫೋನು ಮಾಡಿದರು, ಮಂಜಣ್ಣ ಟೆಂಪೋ ತರುತ್ತೇನೆಂದ. ಯಜಮಾನರು ಶರ್ಟಿನ ಗುಂಡಿ ಹಾಕಿಕೊಳ್ಳುತ್ತಾ, "ಎಸ್ಕಾರ್ಟ್ ಬೇಡ ಅನ್ನು" ಎಂದರು. ನನ್ನನ್ನು ಮಾತ್ರ ಬರಬೇಡ ಎನ್ನಲಿಲ್ಲ. ಮುಚ್ಚಿದ್ದ ಬಾಗಿಲ ಹತ್ತಿರ ಹೋದರು, ಒಂದು ಗಳಿಗೆ ನಿಂತರು, ಚಿಲಕ ತೆಗೆದರು. ಇಬ್ಬರೂ ಹೆದ್ದಾರಿ ದಾಟಿದೆವು.

ಅದೇ ಆಸ್ಪತ್ರೆ, ಅದೇ ಸಾಲು, ಅದೇ ಸಮಾಧಾನದ ಡಾಕ್ಟರು. ಇವರ ಪಟ್ಟಿ ಬಿಚ್ಚಿ ನೋಡಿ, "ಪರವಾಗಿಲ್ಲ, ಚೆನ್ನಾಗಿ ಮಾಡಿದ್ದಾರೆ. ಮೊದಲು ಎಲ್ಲಿ ತೋರಿಸಿದ್ರಿ?" ಎಂದರು.

"ನೇಪಾಳದಲ್ಲಿ, ಸಾರ್" ಎಂದರು ಯಜಮಾನರು.

ಡಾಕ್ಟರು ಪೆನ್ನು ಕೆಳಗಿಟ್ಟು ಮುಖ ನೋಡಿದರು. ಹಿಂದಿನ ಸಾಲಿನವರೆಲ್ಲ ಕುತ್ತಿಗೆ ಉದ್ದ ಮಾಡಿದರು. ಅಲ್ಲಿಗೇ ಬಿಟ್ಟಿದ್ದರೆ ಆಗುತ್ತಿತ್ತು. ನಾನು ಹಿಂದಿನಿಂದ ಶರ್ಟನ್ನೂ ಎಳೆದೆ. ಇವರು ನನ್ನ ಕೈ ಬಿಡಿಸಿಕೊಂಡು, ಎದ್ದು ನಿಲ್ಲದೆ, ಕೂತಲ್ಲಿಂದಲೇ, ಅಷ್ಟೇ ದನಿಯಲ್ಲಿ ಹೇಳಿದರು:

"ಅದಕ್ಕೂ ಮುಂಚೆ ಜೈಲಲ್ಲಿ."

ನಾನು ತಿರುಗಿ ಸಾಲು ನೋಡಿದೆ. ನಮ್ಮ ಹಿಂದೆಯೇ ಒಬ್ಬ ಮುದುಕಪ್ಪ ಚೀಟಿ ಹಿಡಿದು ನಿಂತಿದ್ದ. ಹಿಂದಕ್ಕೆ ಸರಿಯಲಿಲ್ಲ. ಇನ್ನೂ ಒಂದು ಹೆಜ್ಜೆ ಮುಂದೆ ಬಂದು ಯಜಮಾನರ ಹೆಗಲ ಮೇಲೆ ತಟ್ಟಿದ.

"ಬೇಗ ತೋರಿಸ್ಕೊಳಪ್ಪಾ" ಎಂದ. "ನನ್ ಬಸ್ ಹೊಂಟೋಯ್ತದೆ."